ಎಂಟರ್ ಒತ್ತು ಅಂದಿದ್ದಳು ತಂಗಿ

ಮಾವನ ಆಲೆಮನೆಯ ಒಲೆ ಬಾಯಿಂದ ಬೆಂಕಿ ಹೊರಕ್ಕೆ ನುಗ್ಗಿದಾಗ ನಾನು ಹತ್ತು ಮಾರು ದೂರದಲ್ಲಿ ಕಬ್ಬಿನ ಕಂತೆಯ ಮೇಲೆ ಕೂತಿದ್ದೆ. ಆಲೆಮನೆಯ ಉರಿ ಯಾವತ್ತೂ ಒಳಮುಖವಾಗಿ ಓಡುತ್ತದೆ. ಕೊಪ್ಪರಿಗೆಯ ಅಡಿಯಲ್ಲಿ ಹಾದು, ಹಿಂದಿನ ಹೊಗೆಗೂಡಿನಲ್ಲಿ ಮೇಲಕ್ಕೆ ಹೋಗುತ್ತದೆ. ಆವತ್ತು ಅದು ಹಿಂದಕ್ಕೆ ತಿರುಗಿತು. ಒಲೆಗೆ ಕಬ್ಬಿನ ಒಣಸಿಪ್ಪೆ ತುರುಕುತ್ತಿದ್ದ ಮುದುಕನ ಬಲಗೈ ಮೊಣಕೈವರೆಗೂ ಬೆಂದಿತು. ಅವನು ಕೂಗಿಕೊಳ್ಳಲೂ ಇಲ್ಲ. ಕೈಯನ್ನು ಮುಂದಕ್ಕೆ ಹಿಡಿದುಕೊಂಡು, ಅದು ಬೇರೆ ಯಾರದೋ ಕೈ ಎನ್ನುವಂತೆ ನೋಡುತ್ತ ನಿಂತ.

ಆ ಒಲೆಯ ಅಳತೆ ಹೇಳಿದವಳು ನನ್ನ ತಂಗಿ. ಅವಳಿಗೆ ಅಳತೆ ಹೇಳಿದ್ದು ಕಂಪ್ಯೂಟರು. ಕಂಪ್ಯೂಟರಿಗೆ ತಪ್ಪು ಹೇಳಿಕೊಟ್ಟವಳು ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡರು. ಆಮೇಲೆ ಪಾಂಡವಪುರದಲ್ಲಿ ಬಾಡಿಗೆ ಮನೆ ಮಾಡಿ ರವಿಕೆ ಹೊಲಿಯುತ್ತಿದ್ದೆ. ಅಪ್ಪ ಅವ್ವ ಆಗಲೇ ಹೋಗಿದ್ದರು. ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳಾದ ತಂಗಿ ನನ್ನ ಜೊತೆಗಿದ್ದಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಹೇಳುತ್ತಿದ್ದಳು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಚಿನಕುರಳಿ ಮೇಲೆ ಹೋದರೆ ಸಂಜೆ ಐದಕ್ಕೆ ಹಿಂತಿರುಗುತ್ತಿದ್ದಳು. ಎಂ.ಫಿಲ್. ಮುಗಿಸಬೇಕು ಎನ್ನುವುದೊಂದೇ ಅವಳ ಧ್ಯಾನ. ಅದಾದರೆ ಮುಂದೆ ದೊಡ್ಡ ಸಂಶೋಧನೆ, ಪೂರ್ತಿ ಕೆಲಸ. ಆಗದಿದ್ದರೆ ಪ್ರತಿ ಜೂನ್‌ನಲ್ಲಿ ಪ್ರಿನ್ಸಿಪಾಲರ ಬಾಗಿಲ ಹೊರಗೆ ನಿಲ್ಲುವುದೇ.

ಅವಳು ಆರಿಸಿಕೊಂಡ ವಿಷಯ ಕೇಳಿ ನಮ್ಮ ಕಡೆಯವರೆಲ್ಲ ನಕ್ಕಿದ್ದರು. ಆಲೆಮನೆಯ ಒಲೆ! ಒಲೆಯಿಂದ ಹೊಗೆಗೂಡಿಗೆ ಹೋಗುವ ನೆಲದಡಿಯ ದಾರಿ ಎಷ್ಟು ಅಗಲ ಇದ್ದರೆ ಶಾಖ ಪೋಲಾಗದೆ ಕೊಪ್ಪರಿಗೆಗೆ ಸಿಗುತ್ತದೆ ಎಂದು ಲೆಕ್ಕ ಹಾಕುವುದು. ಅವಳ ಗೈಡ್ ಮೇಷ್ಟ್ರು ಮೈಸೂರಿನಲ್ಲಿ ಪಾಠ ಮಾಡುತ್ತಿದ್ದರು, ಮನೆ ಶ್ರೀರಂಗಪಟ್ಟಣದಲ್ಲಿ. ಅವರು ಒಂದೇ ಮಾತು ಹೇಳಿದ್ದರು: ಲೆಕ್ಕ ಹೇಳಿದ್ದನ್ನು ನಿಜವಾದ ಒಲೆಯಲ್ಲಿ ಮಾಡಿ ತೋರಿಸು, ಆಮೇಲೆ ಸಹಿ ಹಾಕುತ್ತೇನೆ. ಶ್ರೀರಂಗಪಟ್ಟಣದ ಹತ್ತಿರವೇ ನಾಲೆ ಪಕ್ಕ ಆಲೆಮನೆ ಇಟ್ಟುಕೊಂಡಿದ್ದ ನಮ್ಮ ಸೋದರಮಾವ, ತನ್ನ ಒಲೆ ಒಡೆದು ಹೊಸದಾಗಿ ಕಟ್ಟಲು ಒಪ್ಪಿಕೊಂಡ.

ಲೆಕ್ಕ ಹಾಕುವ ಪ್ರೋಗ್ರಾಂ ಹೊರದೇಶದ ಯಾವುದೋ ವಿಶ್ವವಿದ್ಯಾಲಯದ ಜನ ಬರೆದದ್ದು. ಹದಿನಾಲ್ಕು ಫ್ಲಾಪಿಗಳಲ್ಲಿ ತುಂಬಿಸಿಕೊಂಡು ಅದನ್ನು ಮೈಸೂರಿನಿಂದ ತಂದಿದ್ದಳು. ಮನೆಯಲ್ಲಿ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಒಂದು ಹಳೇ ಕಂಪ್ಯೂಟರು ಕೂತಿತ್ತು.

"ಇದನ್ನ ಹಾಕ್ಬುಟ್ರೆ ಓಡ್ತದಾ?" ಎಂದು ಕೇಳಿದೆ.

"ಇಲ್ಲ ಕಣಕ್ಕ. ಅಂಗಡೀಲಿ ಸಿಕ್ಕೋ ಪ್ರೋಗ್ರಾಂ ಹೋಟ್ಲು ಸಾರಿದ್ದಂಗೆ. ಒಳಕ್ಕೆ ಏನ್ ಹಾಕವ್ರೋ ಗೊತ್ತಾಗಕಿಲ್ಲ. ಇದನ್ನ ಬರ್ದೋರು ಸಾಮಾನು, ಅಳತೆ ಎಲ್ಲಾ ಬಿಚ್ಚಿ ನಮ್ ಕೈಗೇ ಕೊಟ್ಬುಟ್ಟವ್ರೆ. ನಮ್ಮನೇಲಿ ನಾವೇ ರುಬ್ಕೋಬೇಕು. ಅದಕ್ಕೆ ಕಂಪೈಲ್ ಮಾಡೋದು ಅಂತಾರೆ."

"ಬಿಟ್ಟಿ ಕೊಟ್ಟವ್ರಾ?"

"ಬಿಟ್ಟೀನೇ."

"ಅಂಗಾದ್ರೆ ಎಲ್ಲೋ ಹುಳುಕೈತೆ ಬುಡು."

"ಸಂತೆಬಾಚಹಳ್ಳಿ ಸಂತೇಲಿ ಹೋರಿ ಹಲ್ಲು ನೋಡ್ದಂಗೆ ನೋಡ್ಬೇಡ ಸುಮ್ಕಿರಕ್ಕ" ಎಂದು ನಕ್ಕಳು.

ಆ ರುಬ್ಬುವ ಕೆಲಸ ಮೂರು ವಾರ ಹಿಡಿಯಿತು. ಒಂದು ಫ್ಲಾಪಿ ಓದಲಿಲ್ಲ, ಮತ್ತೆ ಮೈಸೂರಿಗೆ ಹೋಗಿ ತಂದಳು. ಪ್ರೋಗ್ರಾಂ ಕೇಳುವ ಇನ್ನೊಂದು ಪ್ರೋಗ್ರಾಂ ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ, ಅದನ್ನೂ ಮೊದಲಿಂದ ಕಂಪೈಲ್ ಮಾಡಬೇಕಾಯಿತು. ಪರದೆಯ ಮೇಲೆ ಅಕ್ಷರಗಳು ಸರಸರನೆ ಮೇಲಕ್ಕೆ ಹರಿಯುತ್ತಿದ್ದವು, ಒಮ್ಮೆಲೇ ನಿಂತುಬಿಡುತ್ತಿದ್ದವು. ನಿಂತರೆ ಎರರ್. ತಂಗಿ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದಳು. ಮಾರನೆಯ ದಿನ ಎಸ್‌.ಟಿ.ಡಿ. ಬೂತಿಗೆ ಹೋಗಿ ಮೈಸೂರಿನ ಗೆಳತಿಯನ್ನು ಕೇಳಿಕೊಂಡು ಬಂದು ಒಂದು ಸಾಲು ತಿದ್ದುತ್ತಿದ್ದಳು. ಎಲ್ಲ ತಿದ್ದಿ ಮುಗಿಯುವ ಹೊತ್ತಿಗೆ ಮಾವ ಹಳೇ ಒಲೆ ಒಡೆದಾಗಿತ್ತು. ಸೋಮವಾರ ಗಾರೆಯವರು ಬರುತ್ತಾರೆ, ಅಷ್ಟರಲ್ಲಿ ಅಳತೆ ಬೇಕು ಎಂದು ಹೇಳಿ ಕಳಿಸಿದ್ದ.

ಆ ವಾರದಿಂದ ಕರೆಂಟಿನ ಹೊತ್ತು ಬದಲಾಗಿ, ನಮ್ಮ ಬೀದಿಗೆ ಅದು ಬರುತ್ತಿದ್ದದ್ದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ. ಆ ಹೊತ್ತು ತಂಗಿ ಕಾಲೇಜಿನಲ್ಲಿ. ಪರೀಕ್ಷೆ ಹತ್ತಿರ, ರಜೆ ಕೊಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಒಂದು ಹಾಳೆಯಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಎರಡು ಸಾಲು ಬರೆದು ನನ್ನ ಮುಂದೆ ಇಟ್ಟಳು.

"ಅಕ್ಕ, ಇವತ್ತು ನೀನೇ ಮಾಡ್ಬೇಕು. ಕರೆಂಟ್ ಬಂದೇಟ್ಗೆ ಈ ಮೊದಲ್ನೇ ಸಾಲು ನೋಡ್ಕೊಂಡು ಹೊಡಿ. ಅದು ನಿನ್ನ ಪ್ರಶ್ನೆ ಕೇಳ್ತದೆ. ವೈ ಅಂದ್ರೆ ಹೂಂ, ಎನ್ ಅಂದ್ರೆ ಇಲ್ಲ. ಸರಿ ಉತ್ತರ ಬ್ರಾಕೆಟ್‌ನಾಗೆ ಅದೇ ಬರ್ದಿರ್ತದೆ. ನೀನು ಏನೂ ಹೊಡೀಬ್ಯಾಡ. ಬರೀ ಎಂಟರ್ ಒತ್ತು. ಪ್ರಶ್ನೆ ಮುಗುದ್ ಮೇಲೆ ಎರಡ್ನೇ ಸಾಲು."

"ನನ್ ಕೈಲಾ? ಬ್ಯಾಡ ಕಣೇ. ಯಾರಾರ ಐಕ್ಳನ್ನ ಕರ್ಕೋ."

"ನಿನ್ ಕೈಲೇ. ಯಾಕೆ, ನಿನ್ ಕೈಗೇನಾಗದೆ?"

ನನ್ನ ಕೈಗೇನಾಗಿದೆ ಎಂದು ಅವಳಿಗೂ ಗೊತ್ತಿತ್ತು. ಗಂಡ ಹೋದಮೇಲೆ ಯಾರೂ ನನ್ನನ್ನು ಒಂದು ಶುಭಕಾರ್ಯದ ಆರಂಭಕ್ಕೆ ಕರೆದಿರಲಿಲ್ಲ. ಮದುವೆ ರವಿಕೆ ಹೊಲಿಯಲು ಕೊಡುವವರು ಕೂಡ ಮೊದಲ ಕತ್ತರಿ ಬೇರೆಯವರ ಕೈಲಿ ಹಾಕಿಸಿ ತರುತ್ತಿದ್ದರು. ಹಾಗಾಗಿ ಅವಳು ಬಸ್ಸಿಗೆ ಹೋದಮೇಲೆ ನಾನು ಮತ್ತೆ ತಲೆಗೆ ನೀರು ಹಾಕಿಕೊಂಡೆ, ದೇವರ ಮುಂದೆ ದೀಪ ಹಚ್ಚಿದೆ. ಆ ಯಂತ್ರದ ಮುಂದೆ ಕೂತೆ.

ಕರೆಂಟು ಬಂತು. ಮೊದಲನೇ ಸಾಲು ಒಂದೊಂದೇ ಅಕ್ಷರ ಹುಡುಕಿ ಹೊಡೆದೆ. ಸಾಲುಗಳು ಹರಿಯತೊಡಗಿದವು. ಆಮೇಲೆ ಮೊದಲನೇ ಪ್ರಶ್ನೆ ಬಂದು ನಿಂತಿತು. ಬ್ರಾಕೆಟ್ಟಿನಲ್ಲಿ ಎನ್. ಎಂಟರ್ ಒತ್ತಿದೆ. ಎರಡನೆಯದಕ್ಕೂ ಎನ್. ಮೂರನೆಯದಕ್ಕೂ ಎನ್. ಏಳು ಪ್ರಶ್ನೆಗಳಿಗೆ ಇಲ್ಲ, ಇಲ್ಲ, ಇಲ್ಲ ಎಂದು ಒತ್ತಿದೆ.

ನಮ್ಮವ್ವ ಮನೆಯಲ್ಲಿ ಇಲ್ಲ ಎನ್ನುವ ಮಾತು ಆಡಗೊಡುತ್ತಿರಲಿಲ್ಲ. ಉಪ್ಪು ಮುಗಿದರೆ ಉಪ್ಪು ಹೆಚ್ಚಾಗೈತೆ ಅನ್ನಬೇಕು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಹೊಸ ಕೆಲಸಕ್ಕೆ ಕೂತಾಗಲಂತೂ ಬಾಯಲ್ಲಿ ಇಲ್ಲ ಬಂದರೆ ತಲೆ ಮೇಲೆ ಒಂದು ಬೀಳುತ್ತಿತ್ತು. ದೀಪ ಉರಿಯುತ್ತಿದೆ, ತಂಗಿಯ ಬದುಕಿನ ದೊಡ್ಡ ಕೆಲಸ, ಮೊದಲೇ ನನ್ನಂಥವಳ ಕೈ, ಅದರ ಮೇಲೆ ಏಳು ಸಲ ಇಲ್ಲ ಅಂದಿದ್ದೇನೆ.

ಎಂಟನೇ ಪ್ರಶ್ನೆ ಬಂತು. ಅದರಲ್ಲಿ ನನಗೆ ಗೊತ್ತಿರುವ ಒಂದು ಪದ ಇತ್ತು. ಎಫ್, ಎ, ಎಸ್, ಟಿ. ಕೂಡಿಸಿ ಓದಿದೆ: ಫಾಸ್ಟ್. ಬೇಗ ಆಗಲಾ ಎಂದು ಕೇಳುತ್ತಿದೆ ಎಂದುಕೊಂಡೆ. ಗಡಿಯಾರ ನೋಡಿದೆ. ಮೂರಕ್ಕೆ ಕರೆಂಟು ಹೋಗುತ್ತದೆ. ಬ್ರಾಕೆಟ್ಟಿನಲ್ಲಿ ಇದಕ್ಕೂ ಎನ್ ಇತ್ತು. ಬೇಗ ಆಗಲಿ ಎನ್ನುವುದಕ್ಕೂ ಯಾರಾದರೂ ಇಲ್ಲ ಅನ್ನುತ್ತಾರಾ? ಇದೊಂದಕ್ಕಾದರೂ ಹೂಂ ಅನ್ನೋಣ ಎಂದು ವೈ ಹುಡುಕಿ ಒತ್ತಿದೆ. ಒತ್ತಿದಮೇಲೆ ಮನಸ್ಸಿಗೆ ಸಮಾಧಾನವಾಯಿತು. ನಿಜ ಹೇಳುತ್ತೇನೆ, ಪುಣ್ಯದ ಕೆಲಸ ಮಾಡಿದಷ್ಟು ಸಮಾಧಾನ.

ಉಳಿದ ಪ್ರಶ್ನೆಗಳಿಗೆ ಎಂಟರ್. ಆಮೇಲೆ ಎರಡನೇ ಸಾಲು. ಸಾಲುಗಳು ಹರಿದವು, ಹರಿದವು. ಎರಡೂವರೆಗೆ ಎಲ್ಲ ನಿಂತಿತು. ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ, ಎರರ್ ಎನ್ನುವ ಪದ ಎಲ್ಲೂ ಇರಲಿಲ್ಲ.

ಸಂಜೆ ಬಂದ ತಂಗಿಗೆ ಕರೆಂಟಿಲ್ಲದೆ ಏನೂ ನೋಡಲಾಗಲಿಲ್ಲ. ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ಓಡಿಬಂದಳು. ಒಂದು ಗಂಟೆಗೆ ಕೂತು ನೋಡಿ, ಎದ್ದು ನನ್ನನ್ನು ತಬ್ಬಿಕೊಂಡಳು.

"ಓಡ್ತಾ ಅದೆ ಕಣಕ್ಕ! ಮೂರು ವಾರ ನನ್ ಕೈಲಿ ಆಗ್ದಿದ್ದು ನಿನ್ ಕೈಲಿ ಒಂದೇ ದಿನಕ್ಕೆ ಆಯ್ತಲ್ಲ! ಕೈಗುಣ ಅಂದ್ರೆ ನಿಂದು ಕಣಕ್ಕ."

ಕೈಗುಣ. ಆ ಮಾತನ್ನು ನನಗೆ ಯಾರೂ ಅಂದಿರಲಿಲ್ಲ. ಆಗ ಹೇಳಬಹುದಿತ್ತು, ಒಂದು ಕಡೆ ವೈ ಒತ್ತಿದೆ ಎಂದು. ಆ ಮಾತು ಇನ್ನೊಂದು ಗಳಿಗೆ ನನ್ನ ಹತ್ತಿರವೇ ಇರಲಿ ಎನ್ನಿಸಿತು. ಹೇಳಲಿಲ್ಲ.

ಭಾನುವಾರ ಅವಳು ಅಂಕಿಗಳನ್ನು ಕೊಟ್ಟು ಅಳತೆ ತೆಗೆದಳು. ಸೋಮವಾರ ಮಾವನಿಗೆ ಕೊಟ್ಟಳು. ಮಾವ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೊಗೆ ಹೋಗೋ ದಾರಿ ಸಣ್ಣ ಆಯ್ತು ಕಣವ್ವ. ಉರೀನೂ ಉಸುರಾಡ್ಬೇಕಲ್ಲ."

"ಇಲ್ಲ ಮಾವ, ಲೆಕ್ಕ ಅಂಗೇ ಹೇಳ್ತದೆ. ನಮ್ಮೋರು ದಾರೀನ ಸುಮ್ನೆ ದೊಡ್ಡದಾಗಿ ಬುಟ್ಬುಟ್ಟವ್ರೆ, ಅದಕ್ಕೇ ಅರ್ಧ ಶಾಖ ಆಕಾಶಕ್ಕೆ ಹೋಗ್ತಾ ಅದೆ."

"ಓದ್ದೋಳು ನೀನು. ನಾನೇನ್ ಹೇಳಾನ" ಎಂದು ಗಾರೆಯವನ ಕಡೆ ತಿರುಗಿ, "ಕಟ್ಲಾ, ನಮ್ ಕೂಸು ಹೇಳ್ದಂಗೆ ಕಟ್ಲಾ" ಎಂದ.

ಒಲೆ ಒಣಗಲು ಮೂರು ವಾರ ಬಿಟ್ಟರು. ಗೈಡ್ ಮೇಷ್ಟ್ರು ಉದ್ದನೆಯ ಥರ್ಮಾಮೀಟರ್ ತಂದರು. ಕೊಪ್ಪರಿಗೆಗೆ ಕಬ್ಬಿನ ಹಾಲು ತುಂಬಿದರು, ಉರಿ ಹಾಕಿದರು. ಆಮೇಲೆ ಆದದ್ದನ್ನು ಆಗಲೇ ಹೇಳಿದ್ದೇನೆ. ಮುದುಕನನ್ನು ಮಾವ ಟ್ರಾಕ್ಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅರೆಬೆಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲೇ ಹುಳಿ ವಾಸನೆ ಬರುವವರೆಗೂ ಇತ್ತು. ತಂಗಿ ಒಲೆಯ ಮುಂದೆ ನಿಂತೇ ಇದ್ದಳು. ಆಗಲೂ ನನಗೆ ವೈ ನೆನಪಾಗಲೇ ಇಲ್ಲ ಎಂದರೆ ನಂಬುವಿರಾ? ಒಂದು ಅಕ್ಷರಕ್ಕೂ ಸುಟ್ಟ ಕೈಗೂ ಸಂಬಂಧ ಇದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡು ವಾರ ಅವಳು ಕಂಪ್ಯೂಟರು ಮುಟ್ಟಲಿಲ್ಲ. ನೋಟ್ ಪುಸ್ತಕದಲ್ಲಿ ಕೈಯಲ್ಲೇ ಲೆಕ್ಕ ಹಾಕುತ್ತ ಕೂತಿದ್ದಳು, ಪುಟದ ಮೇಲೆ ಪುಟ. ಒಂದು ಭಾನುವಾರ ಬೆಳಿಗ್ಗೆ ಒಮ್ಮೆಲೇ, "ಅಕ್ಕ, ಇಲ್ಲಿ ಬಾ" ಎಂದಳು.

ಕೈಲೆಕ್ಕದ ಉತ್ತರ ಬೇರೆ, ಕಂಪ್ಯೂಟರಿನ ಉತ್ತರ ಬೇರೆ. ಅವಳು ಕಂಪ್ಯೂಟರಿನಲ್ಲಿ ಒಂದು ಸಣ್ಣ ಪಟ್ಟಿ ತೆಗೆದಿಟ್ಟಿದ್ದಳು. ನಾನು ಆವತ್ತು ಕೊಟ್ಟ ಉತ್ತರಗಳೆಲ್ಲ ಅದರಲ್ಲಿ ಬರೆದಿದ್ದವು. ಯಂತ್ರ ಅದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ ಎಂದು ನನಗೆ ಯಾರು ಹೇಳಿದ್ದರು? ಎನ್ ಎನ್ ಎನ್ ಎಂದು ಇಳಿದ ಸಾಲಿನ ನಡುವೆ ಒಂದು ವೈ.

"ಇದು ಏನ್ ಕೇಳ್ತದೆ ಗೊತ್ತಾ? ಬೇಗ ಲೆಕ್ಕ ಮುಗುಸ್ಬೇಕು ಅಂದ್ರೆ ಅಂಕಿಗಳ ಬಾಲ ಕತ್ತರ್ಸ್ಲಾ ಅಂತ. ಅಕ್ಕ, ಹಂಡೆ ತುಂಬ ನೀರಿಗೆ ಒಂದೊಂದೇ ಹನಿ ಹಾಕು. ಸಾವಿರ ಸಾವಿರ ಹನಿ. ಒಂದೊಂದ್ ಹನೀನೂ ಲೆಕ್ಕಕ್ಕೇ ಹಿಡೀದೇ ಹೋದ್ರೆ, ಕೊನೇಗೆ ಎಷ್ಟು ನೀರು ಕಾಣೆಯಾಗ್ತದೆ? ನನ್ ಲೆಕ್ಕ ಪೂರಾ ಇಂಥ ಹನೀದೇ. ಶಾಖದ ಹನಿ. ಅದು ಕಡಿಮೆ ಶಾಖ ತೋರಿಸ್ತು, ನಾನು ಸಣ್ಣ ದಾರಿ ಇಡ್ಸಿದೆ."

ಒಲೆ ತಿರುಗಿ ಉಗುಳಿದ ಬೆಂಕಿಯನ್ನು ಕಣ್ಣಾರೆ ನೋಡಿದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಮುದುಕನ ಕೈ, ತಂಗಿಯ ಎರಡು ವಾರ, ಎಲ್ಲ ಆ ಒಂದು ಅಕ್ಷರದೊಳಗೆ ಇತ್ತು.

ತಂಗಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕೋಪ ಇರಲಿಲ್ಲ.

"ಅಕ್ಕ, ಆವತ್ತು ಎಲ್ಲಕ್ಕೂ ಎಂಟರೇ ಒತ್ತಿದ್ಯಾ?"

"ಹೂಂ" ಎಂದೆ.

ಯೋಚಿಸಿ ಆಡಿದ ಸುಳ್ಳಲ್ಲ ಅದು. ಕೆನ್ನೆಗೆ ಹೊಡೆಯಲು ಬಂದ ಕೈಗೆ ಅಡ್ಡ ಹಿಡಿಯುವುದಿಲ್ಲವೇ, ಹಾಗೆ ಬಂತು. ಮುಂದಿನ ಗಳಿಗೆಯಲ್ಲಿ ತಿದ್ದಿಕೊಳ್ಳಬಹುದಿತ್ತು. ಆದರೆ ಆ ಮುಂದಿನ ಗಳಿಗೆಯಲ್ಲಿ ಅವಳು ಪರದೆಯನ್ನು ಇನ್ನೊಂದು ಸಲ ನೋಡಿ, ಹಣೆ ಚಚ್ಚಿಕೊಂಡು ಹೇಳಿದ ಮಾತು ನನ್ನನ್ನು ಕಟ್ಟಿಹಾಕಿತು:

"ಅಂಗಾದ್ರೆ ನಾನೇ ಕಣಕ್ಕ. ಆವತ್ತು ಭಾನುವಾರ ಕೂತಾಗ ಕೈತಪ್ಪಿ ಏನೋ ಒತ್ತ್‌ಬುಟ್ಟಿದೀನಿ. ನಿಂಗೆ ಎಂಟರ್ ಬುಟ್ಟು ಬೇರೆ ಏನ್ ತಾನೆ ಗೊತ್ತು?"

ಪಟ್ಟಿ ಅವಳ ಕಣ್ಣ ಮುಂದೆ ಇತ್ತು. ಅದರಲ್ಲಿ ಶುಕ್ರವಾರದ ತಾರೀಖೂ ಇದ್ದಿರಬೇಕು. ಅವಳು ಅದನ್ನು ನೋಡಲೇ ಇಲ್ಲ. ನನ್ನ ಬಾಯಿಂದ ಹೂಂ ಬಂದಮೇಲೆ ಅವಳಿಗೆ ನೋಡುವುದೇನೂ ಉಳಿದಿರಲಿಲ್ಲ. ಓದಿದವಳು, ಲೆಕ್ಕದವಳು, ಯಂತ್ರ ಬರೆದಿಟ್ಟದ್ದನ್ನು ಬಿಟ್ಟು ಅಕ್ಕನ ಮಾತನ್ನು ನಂಬಿದಳು. ನನಗೆ ಇವತ್ತಿಗೂ ಇದು ನಂಬಲಾಗದ ಸಂಗತಿ.

ಮುಂದಿನ ವಾರ ಅವಳು ರಜೆ ಹಾಕಿ, ತಾನೇ ಕೂತು, ಮತ್ತೆ ಮೊದಲಿಂದ ಕಂಪೈಲ್ ಮಾಡಿದಳು. ನಾನು ಹೊಲಿಗೆ ಮಿಷನ್ ತುಳಿಯುತ್ತ ಬೆನ್ನು ತಿರುಗಿಸಿ ಕೂತಿದ್ದೆ. ಈ ಸಲ ಲೆಕ್ಕ ಸರಿಯಾಗಿ ಬಂತು. ಮಾವ ಕಟ್ಟಿಸಿದ ಒಲೆಯ ಅಳತೆಯನ್ನೇ ಅದಕ್ಕೆ ಕೊಟ್ಟು ಕೇಳಿದಳು. ಈ ದಾರಿಯಲ್ಲಿ ಇಷ್ಟು ಹೊಗೆ ಹಾಯುವುದಿಲ್ಲ, ಹಿಂದಕ್ಕೆ ನೂಕುತ್ತದೆ ಎಂದು ಅದೇ ಹೇಳಿತು. ಅವಳ ವಿದ್ಯೆ ಸುಳ್ಳಾಗಿರಲಿಲ್ಲ. ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ಉಂಡಳು.

ಹಾಳೆಗಳನ್ನು ಕಟ್ಟಿಕೊಂಡು ಇಬ್ಬರೂ ಶ್ರೀರಂಗಪಟ್ಟಣಕ್ಕೆ, ಗೈಡ್ ಮೇಷ್ಟ್ರ ಮನೆಗೆ ಹೋದೆವು. ಅವಳು ಒಳಗೆ ಕೂತಳು. ನಾನು ಜಗಲಿಯಲ್ಲಿ, ಬಾಗಿಲಿಗೆ ಎದುರಾಗಿ. ಮೇಷ್ಟ್ರು ಹಾಳೆಗಳನ್ನೆಲ್ಲ ನಿಧಾನವಾಗಿ ನೋಡಿದರು.

"ಇದು ಸರಿಯಾಗಿದೆ" ಎಂದರು. "ಮೊದಲನೇ ಸಲ ಹೇಗಾಯ್ತು?"

"ನನ್ನ ಅಜಾಗರೂಕತೆ ಸರ್. ಒಂದು ಉತ್ತರ ತಪ್ಪು ಕೊಟ್ಟುಬಿಟ್ಟೆ. ನೋಡಿಕೊಳ್ಳಲಿಲ್ಲ."

"ಬೇರೆ ಯಾರಾದರೂ ಕಂಪ್ಯೂಟರ್ ಮುಟ್ಟಿದ್ದರಾ?"

"ನಮ್ಮಕ್ಕ ಕೂತಿದ್ರು ಸರ್. ಅವರು ನಾನು ಹೇಳಿದಷ್ಟೇ ಮಾಡಿದಾರೆ."

ಮೇಷ್ಟ್ರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. "ಹೌದೇನಮ್ಮ?"

ಮೂರು ಹೆಜ್ಜೆ ದೂರ. ಅವರು ನನ್ನ ಬಾಯಿ ನೋಡುತ್ತಿದ್ದಾರೆ, ತಂಗಿಯೂ ತಿರುಗಿ ನೋಡುತ್ತಿದ್ದಾಳೆ. ನಾನು ತಲೆ ಆಡಿಸಿದೆ. ಹೌದು ಎಂದು.

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಅವಳ ಮುಂದೆ ಇಟ್ಟರು. ದನಿ ಏರಿಸಲಿಲ್ಲ. "ಒಬ್ಬ ಮನುಷ್ಯನ ಕೈ ಹೋಗಿದೆಯಮ್ಮ. ಮೊದಲನೇ ಸಲ ನೋಡಿಕೊಳ್ಳದೆ ಇದ್ದವರು ಎರಡನೇ ಸಲ ನೋಡಿಕೊಂಡಿದ್ದಾರೆ ಅಂತ ನಾನು ಯಾವ ಧೈರ್ಯದ ಮೇಲೆ ಸಹಿ ಹಾಕಲಿ? ಗೊತ್ತಿಲ್ಲದ ಇನ್ಯಾರೋ ಮಾಡಿದ್ದರೆ ಮಾತು ಬೇರೆ. ಗೊತ್ತಿರುವ ನೀವು ಮಾಡಿದ್ದೀರಿ. ಈ ವಿಷಯ ಬಿಟ್ಟುಬಿಡಿ."

ಗೊತ್ತಿಲ್ಲದ ಇನ್ಯಾರೋ ಮಾಡಿದ್ದರೆ ಮಾತು ಬೇರೆ. ಕಿವಿಯಾರೆ ಕೇಳಿದೆ. ಆಗಲಾದರೂ ಎದ್ದು, ಸ್ವಾಮಿ, ಆ ಗೊತ್ತಿಲ್ಲದವಳು ನಾನೇ ಎನ್ನಬೇಕಿತ್ತು. ನಾನು ಜಗಲಿಯ ಮೇಲೆ ಕೂತೇ ಇದ್ದೆ. ತಂಗಿ ಚಪ್ಪಲಿ ಹಾಕಿಕೊಳ್ಳುತ್ತ, "ಬಿಸ್ಲು ಏರ್ತಾ ಅದೆ, ನಡಿಯಕ್ಕ" ಎಂದಳು. ಬಸ್‌ಸ್ಟ್ಯಾಂಡಿನವರೆಗೂ ಅವಳು ಅಳಲಿಲ್ಲ. ನಾನು ಅತ್ತೆ. ಅವಳೇ ನನಗೆ ಸೆರಗು ಎತ್ತಿಕೊಟ್ಟಳು.

ಅವಳು ಇನ್ನೊಂದು ವಿಷಯ ಹಿಡಿಯಲಿಲ್ಲ. ಎರಡು ವರ್ಷದ ಮೇಲೆ ನಾಗಮಂಗಲದ ಹೈಸ್ಕೂಲೊಂದರಲ್ಲಿ ಮೇಡಂ ಆದಳು, ಈಗಲೂ ಅಲ್ಲೇ ಇದ್ದಾಳೆ. ಮುದುಕನನ್ನು ನಾನು ಒಬ್ಬಳೇ ಹೋಗಿ ನೋಡಿದ್ದೆ. ಬೆರಳುಗಳು ಒಳಕ್ಕೆ ಮುರುಟಿಕೊಂಡಿದ್ದವು. "ಮೂವತ್ತು ವರ್ಷ ಅದರ ಬಾಯ್ತಾವೇ ಕೂತಿದ್ನಲ್ಲವ್ವ, ಅದಕ್ಕೂ ಒಂದ್ಸಲ ನನ್ನ ಮುಟ್ಟಾನ ಅನ್ನಿಸ್ತೇನೋ" ಎಂದು ನಕ್ಕಿದ್ದ. ಅವನು ಈಗಿಲ್ಲ. ಅವನಿಗೆ ಹೇಳುವ ದಾರಿ ಮುಚ್ಚಿಹೋಯಿತು.

ಇನ್ನೊಬ್ಬಳು ಇದ್ದಾಳೆ. ನನ್ನ ಬರವಣಿಗೆಯ ತುಂಬ ಕಾಗುಣಿತದ ತಪ್ಪು. ಆರನೇ ಕ್ಲಾಸಿನವಳ ಕನ್ನಡ. ನಾನು ಏನು ಬರೆದರೂ ತಿದ್ದಿ, ಚೊಕ್ಕ ಅಕ್ಷರದಲ್ಲಿ ಬರೆದುಕೊಡುವವಳು ತಂಗಿಯೇ. ಇದೂ ಅವಳ ಕೈಗೇ ಹೋಗಬೇಕು. ಶನಿವಾರ ಬರುತ್ತಾಳೆ. ಕೊಟ್ಟು, ಅವಳ ಎದುರಿಗೇ ಕೂರುತ್ತೇನೆ. ಓದಿ ಮುಗಿಸುವವರೆಗೂ ಏಳುವುದಿಲ್ಲ. ಆಮೇಲೆ ಅವಳು ಏನು ಕೇಳಿದರೂ ನಿಜ ಹೇಳುತ್ತೇನೆ.